ದೊರೆ ಹೊದ್ದ ಕಂಬಳಿ

ಸಾವಿರ ಕಂಬಳಿ. ಈ ಕಥೆಯಲ್ಲಿ ಪಣಕ್ಕೆ ಬಿದ್ದದ್ದು ಅಷ್ಟು.

ಬೆಂಗಳೂರು ದಂಡಿನ ಗುತ್ತಿಗೆದಾರನೊಬ್ಬ ಪಲ್ಟನ್ನಿಗೆ ಬೇಕೆಂದು ನನ್ನ ಕೈಲಿ ಸಾವಿರ ಕರಿಕಂಬಳಿ ನೇಯಿಸಿದ. ಮಾಲು ಸಿದ್ಧವಾಗುವ ಹೊತ್ತಿಗೆ ಎಲ್ಲಿಂದಲೋ ಗಿರಣಿ ಕಂಬಳಿ ಕೊಂಡು ಕೈ ತೊಳೆದುಕೊಂಡ. ನನ್ನವು ಚಳ್ಳಕೆರೆಯ ಉಗ್ರಾಣದಲ್ಲಿ ಸೂರು ಮುಟ್ಟಿ ಕೂತವು. ಉಣ್ಣೆ ಎಂದರೆ ಎಣ್ಣೆಯಲ್ಲ, ಡಬ್ಬ ಮುಚ್ಚಿಟ್ಟು ಮರೆಯುವುದಕ್ಕೆ. ಮುಂಗಾರಿನ ತೇವ ತಗುಲುವುದರೊಳಗೆ ಮಾರಿಹೋಗದಿದ್ದರೆ ಹುಳ ಬಿದ್ದು ಜಾಳಿಗೆಯಾಗುತ್ತದೆ. ಆಮೇಲೆ ಅದನ್ನು ಜರಡಿ ಅಂತ ಮಾರಬಹುದು, ಕಂಬಳಿ ಅಂತ ಅಲ್ಲ.

ವ್ಯಾಪಾರಸ್ಥನ ಬಾಗಿಲಲ್ಲಿ ಗಿರಾಕಿಗಿಂತ ಮೊದಲು ಇಂಥ ವಿಚಿತ್ರಗಳೇ ಬಂದು ಕೂತಿರುತ್ತವೆ. ನಾನು ಯೋಚನೆಯಲ್ಲಿ ಬಿದ್ದಿರುವಾಗಲೇ ತಾಲ್ಲೂಕಿನ ಅಧಿಕಾರಿ ಅಮಲ್ದಾರರಿಂದ ಕರೆ ಬಂತು. ಇಂಗ್ಲೆಂಡಿನ ದೊಡ್ಡ ಮನೆತನದ ದೊರೆಯೊಬ್ಬರು ನಮ್ಮ ಹುಲ್ಲಿನ ಕಾವಲಿಗೆ ಜಿಂಕೆ ಬೇಟೆಗೆ ಬರುತ್ತಿದ್ದಾರಂತೆ. ಅಲ್ಲಿನ ರಾಜರ ಅರಮನೆಯಲ್ಲಿ ಖಾಸಾ ಪರಿವಾರದವರಂತೆ. ಬಿಡಾರಕ್ಕೆ ಸರಬರಾಜು ನನ್ನದು.

“ಸಾವ್ಕಾರ್ರೇ, ದೊರೆ ಕೇಳಿದ್ದು ಇಲ್ಲ ಅನ್ನಂಗಿಲ್ಲ,” ಎಂದರು ಅಮಲ್ದಾರರು. “ಇಲ್ಲ ಅಂದ್ರೆ ನನ್ನ ಪೇಟ ಹೋಗ್ತೈತೆ. ಅದಕ್ಕಿಂತ ಮುಂಚೆ ನಿಮ್ಮ ಅಂಗಡಿ ಹೋಗ್ತೈತೆ.”

ಅಕ್ಕಿ, ತುಪ್ಪ, ಹುರುಳಿಯಲ್ಲಿ ಸಿಗುವ ಲಾಭ ನನಗೇನೂ ದೊಡ್ಡದಲ್ಲ. ನನ್ನ ಕಣ್ಣಿಗೆ ಕಂಡದ್ದು ಅರಮನೆಗೆ ವಾಪಸು ಹೋಗುವ ಒಂದು ಹೆಗಲು. ಆ ಹೆಗಲ ಮೇಲೆ ಒಂದು ಕಂಬಳಿ ಬಿದ್ದರೆ ಸಾಕು, ಉಳಿದವು ಅದರ ಹಿಂದೆಯೇ ಹಡಗು ಹತ್ತುತ್ತವೆ. ಸರಬರಾಜಿಗೆ ಒಪ್ಪಿಕೊಂಡೆ.

ಕೋಳಿಗೆ ಅಪ್ಪಣೆ ಇಲ್ಲ

ಅಮಲ್ದಾರರು ಯಾರನ್ನೂ ಕೇಳದೆ ತಳಕು ಊರಿನ ಆಚೆ ಒಂದು ಹಟ್ಟಿಯ ಪಕ್ಕ ಡೇರೆ ಹೊಡೆಸಿದರು. ಸಿಹಿನೀರಿನ ಬಾವಿ, ಹುಣಸೆ ಮರದ ನೆರಳು, ಎದುರಿಗೇ ಕಾವಲು. ಜಾಗ ಚೆನ್ನಾಗಿತ್ತು. ಆದರೆ ಅದು ದೇವರ ಎತ್ತುಗಳನ್ನು ಸಾಕುವ ಹಟ್ಟಿ. ಆ ಎತ್ತುಗಳನ್ನು ಉಳುಮೆಗೆ ಹೂಡುವುದಿಲ್ಲ, ಬಂಡಿಗೆ ಕಟ್ಟುವುದಿಲ್ಲ. ಅವನ್ನು ಕಾಯುವುದಕ್ಕೆಂದೇ ಕಿಲಾರಿ ಎಂಬವನಿರುತ್ತಾನೆ. ಹಟ್ಟಿಯವರು ಕೋಳಿ ತಿನ್ನುವುದಿಲ್ಲ, ಮುಟ್ಟುವುದಿಲ್ಲ, ಗಡಿಯೊಳಗೆ ಬಿಟ್ಟುಕೊಳ್ಳುವುದೂ ಇಲ್ಲ.

ದೊರೆಗೋ, ಬೆಳಿಗ್ಗೆ ಎರಡು ಮೊಟ್ಟೆ ಬೇಯಿಸಿ ಇಡದಿದ್ದರೆ ಸೂರ್ಯ ಹುಟ್ಟಿದಂತೆಯೇ ಅಲ್ಲವಂತೆ.

ಕೋಳಿ ಬುಟ್ಟಿ ಹೇರಿಕೊಂಡು ನನ್ನ ಬಂಡಿ ಗಡಿಕಲ್ಲಿನ ಹತ್ತಿರ ಬಂದಾಗ ಕಿಲಾರಿ ಅಜ್ಜ ಕೋಲು ಅಡ್ಡ ಹಿಡಿದು ನಿಂತಿದ್ದ. “ಸಾವ್ಕಾರ, ಬಂಡಿ ಬರ್ಲಿ. ಕೋಳಿ ಬರಂಗಿಲ್ಲ.”

ಅಮಲ್ದಾರರು ಕುದುರೆ ಓಡಿಸಿಕೊಂಡು ಬಂದರು. ದೊರೆ ಎಷ್ಟು ದೊಡ್ಡವರು, ಅವರ ರಾಜ ಎಷ್ಟು ದೊಡ್ಡವನು, ಆ ರಾಜನ ರಾಜ್ಯ ಎಷ್ಟು ಸಮುದ್ರ ದಾಟಿದೆ ಎಂದು ಗಂಟಲು ಹರಿಯುವಂತೆ ಹೇಳಿದರು. ಅಜ್ಜ ಪೂರ್ತಿ ಕೇಳಿಸಿಕೊಂಡ. “ಅಷ್ಟು ದೊಡ್ಡೋರಾದ್ರೆ ಇಷ್ಟು ಚಿಕ್ಕ ಮಾತು ಅರ್ಥ ಆಗ್ತೈತೆ ಬಿಡ್ರಿ,” ಎಂದ.

ಕೋಳಿಯನ್ನು ದೊರೆಯ ಹತ್ತಿರ ಒಯ್ಯುವಂತಿಲ್ಲ ಎಂದ ಮೇಲೆ ದೊರೆಯನ್ನೇ ಕೋಳಿಯ ಹತ್ತಿರ ಒಯ್ಯಬೇಕು. ಗಡಿಕಲ್ಲಿನಾಚೆ ಒಂದು ಚಿಕ್ಕ ಡೇರೆ ಹೊಡೆಸಿದೆ. ಕೋಳಿ ಅಲ್ಲಿ, ಒಲೆ ಅಲ್ಲಿ, ಊಟದ ಮೇಜೂ ಅಲ್ಲಿ. ಇದನ್ನು ದೊರೆಗೆ ಹೇಳುವ ಹೊಣೆ ಅವರ ಬಟ್ಲರನದು. ಮದರಾಸಿನವನು, ಇಂಗ್ಲಿಷಿನ ಜೊತೆಗೆ ತೆಲುಗೂ ಚೆನ್ನಾಗಿ ಬರುತ್ತಿತ್ತು. ರಾಯದುರ್ಗ ಪಕ್ಕದಲ್ಲೇ ಇರುವ ನಮಗೆಲ್ಲ ತೆಲುಗು ಮನೆಮಾತಿನ ಹಾಗೆ. ಅವನು ಹೇಳಲು ಬಾಯಿ ತೆರೆದ ಕೂಡಲೇ ಅಮಲ್ದಾರರು ಆ ಕಡೆ ತಿರುಗಿ ನಿಂತುಕೊಂಡರು.

ದೊರೆ ಸಿಟ್ಟಾಗಲಿಲ್ಲ. ಎದ್ದು ನಿಂತು, ಮುಖ ಅರಳಿಸಿಕೊಂಡು, ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದರು. ಈ ನಿಷೇಧ ವರ್ಷವಿಡೀ ಇದೆಯೋ, ಹಬ್ಬದಲ್ಲಿ ಮಾತ್ರವೋ? ಕೋಳಿಗಷ್ಟೇ ಪ್ರವೇಶವಿಲ್ಲವೋ, ಮೊಟ್ಟೆಗೂ ಇಲ್ಲವೋ? ಮೊಟ್ಟೆ ತಿಂದ ಮನುಷ್ಯ ಒಳಗೆ ಬರಬಹುದೋ? ಅಜ್ಜ ಒಂದೊಂದಕ್ಕೂ ಸಾವಧಾನವಾಗಿ ಉತ್ತರ ಕೊಟ್ಟ: ಬಾಯಿ ಮುಕ್ಕಳಿಸಿ, ಕೈಕಾಲು ತೊಳೆದು ಬರಬೇಕು. ದೊರೆ ತಲೆದೂಗಿದರು. ತಮ್ಮ ಅರಮನೆಯಲ್ಲೂ ಯಾರು ಯಾವ ಬಾಗಿಲಿನಿಂದ ಬರಬೇಕು ಎಂಬುದಕ್ಕೆ ಹೀಗೇ ಕಟ್ಟುಪಾಡಿದೆ ಎಂದರು.

ಮಾರನೆಯ ದಿನದಿಂದ ನೋಡಬೇಕಿತ್ತು ಆ ಸಂಭ್ರಮ. ಉದ್ದ ಕೋಟು, ಎದೆಯ ಮೇಲೆ ಪದಕ, ಕೈಯಲ್ಲಿ ಬೆಳ್ಳಿ ಹಿಡಿಯ ಬೆತ್ತ. ಎತ್ತಿನ ರೊಪ್ಪದ ಮುಂದೆ ಟೋಪಿ ತೆಗೆಯುವುದು, ಗಡಿಕಲ್ಲು ದಾಟುವುದು, ಎರಡು ಮೊಟ್ಟೆ ತಿನ್ನುವುದು, ಬಾಯಿ ಮುಕ್ಕಳಿಸಿ ವಾಪಸು ಬರುವುದು. ಹಟ್ಟಿಯವರು ಸಾಲಾಗಿ ನಿಂತು ನೋಡುತ್ತಿದ್ದರು.

“ಯಾರ ಮನೆ ಮಗನೋ ಕಾಣೆ,” ಎಂದ ಅಜ್ಜ ನನಗೆ. “ಅಮಲ್ದಾರ್ರಿಗಿಂತ ಒಳ್ಳೆ ಕಡೆ ಬೆಳೆದಾನೆ.”

ಅಂಗಿ ಬರುವ ದಾರಿ

ದೊರೆಗೆ ಅರಮನೆಯಲ್ಲಿ ಕೆಲಸ ಏನು? ಹಟ್ಟಿಯವರಿಗೆಲ್ಲ ಇದೇ ಕುತೂಹಲ. ಸಂಜೆ ಹುಣಸೆ ಮರದ ಕೆಳಗೆ ಬಟ್ಲರನನ್ನು ಸುತ್ತುವರಿದರು. ಕಂದಾಯ ಎತ್ತುತ್ತಾರೋ? ಇಲ್ಲ. ದಂಡು ಕಟ್ಟಿಕೊಂಡು ಹೋಗುತ್ತಾರೋ? ಇಲ್ಲ. ನ್ಯಾಯ ಹೇಳುತ್ತಾರೋ? ಅದೂ ಇಲ್ಲ.

ಬಟ್ಲರ್ ವಿವರಿಸಿದ. ವಿಶೇಷದ ದಿನಗಳಲ್ಲಿ ರಾಜರಿಗೆ ಉಡುಪು ತೊಡಿಸುವುದು ಒಂದು ದೊಡ್ಡ ಮರ್ಯಾದೆ. ಪೆಟ್ಟಿಗೆಯಿಂದ ಅಂಗಿ ತೆಗೆಯುವವನು ಒಬ್ಬ. ಅವನು ಅದನ್ನು ಎರಡನೆಯವನಿಗೆ ಕೊಡುತ್ತಾನೆ. ಎರಡನೆಯವನಿಗೆ ಹೊಸ್ತಿಲು ದಾಟುವ ಹಕ್ಕಿಲ್ಲ, ಬಾಗಿಲಲ್ಲಿ ಮೂರನೆಯವನಿಗೆ ಕೊಡುತ್ತಾನೆ. ಮೂರನೆಯವನು ತಲೆಬಾಗಿ ನಮ್ಮ ದೊರೆಗೆ ಕೊಡುತ್ತಾನೆ. ದೊರೆ ರಾಜರಿಗೆ ತೊಡಿಸುತ್ತಾರೆ. ಆ ಹಕ್ಕು ಅವರ ಮನೆತನಕ್ಕೆ ತಾತ ಮುತ್ತಾತಂದಿರ ಕಾಲದಿಂದ ಬಂದದ್ದು. ಬೇರೆಯವರು ಆ ಅಂಗಿ ಮುಟ್ಟಿದರೆ ದೊಡ್ಡ ರಾದ್ಧಾಂತವಾಗುತ್ತದೆ.

ಎಲ್ಲರೂ ಬೆರಳು ಮಡಚಿ ಕೈಗಳನ್ನು ಎಣಿಸತೊಡಗಿದರು. ನನ್ನ ತಲೆಯಲ್ಲಿ ಮಾತ್ರ ಗಿರಣಿ ತಿರುಗುತ್ತಿತ್ತು. ಒಂದು ಅಂಗಿಗೆ ನಾಲ್ಕು ಕೈ ಎಂದರೆ ನಾಲ್ಕು ದಲ್ಲಾಳಿ, ಈ ರಾಜ ವ್ಯಾಪಾರಕ್ಕೆ ಇಳಿದಿದ್ದರೆ ದಿವಾಳಿ ಎದ್ದಿರುತ್ತಿದ್ದ. ಅದು ಹಾಗಿರಲಿ. ಅಂಗಿ ಬರುವ ತನಕ ಈ ರಾಜ ಚಳಿಯಲ್ಲಿ ನಿಂತಿರುತ್ತಾನೆ. ಅವನ ಮೈಗೆ ಎಲ್ಲರಿಗಿಂತ ಹತ್ತಿರವಾದ ಕೈ ನನ್ನ ಅಕ್ಕಿ ಉಣ್ಣುತ್ತಾ ನನ್ನ ಡೇರೆಯಲ್ಲಿದೆ. ನನ್ನ ಉಗ್ರಾಣದಲ್ಲಿ ಸಾವಿರ ಕಂಬಳಿ ಇದೆ. ಇಂಥ ಜೋಡಣೆ ಒಬ್ಬ ವ್ಯಾಪಾರಿಯ ಜೀವಮಾನದಲ್ಲಿ ಎರಡು ಸಲ ಬರುವುದಿಲ್ಲ.

ಮೂಲೆಯಲ್ಲಿ ಕೂತಿದ್ದ ಮುದುಕಿಯೊಬ್ಬಳು ಬಟ್ಲರನನ್ನು ಕೇಳಿದಳು: “ಅಂಗಿ ಕೈಯಿಂದ ಕೈಗೆ ಬರೋಗಂಟ ಆ ರಾಜ ಬರಿಮೈಯಾಗೇ ನಿಂತಿರ್ತಾನಾ?”

“ನಿಂತಿರಬೇಕಮ್ಮ. ಏನೂ ಅನ್ನೋ ಹಾಗಿಲ್ಲ.”

“ಪಾಪ,” ಎಂದಳು ಮುದುಕಿ. “ಅವನಿಗೆ ಅವ್ವ ಇಲ್ಲ ಅಂತ ಕಾಣ್ತೈತೆ.”

ಮೊಳಕಾಲ್ಮುರಿನ ಹಾಸು

ದೊರೆಗೆ ತಮ್ಮ ಪತ್ನಿಗೆಂದು ರೇಷ್ಮೆ ಬೇಕಿತ್ತು. ನನ್ನ ಪರಿಚಯದ ನೇಕಾರನೊಬ್ಬ ಮೊಳಕಾಲ್ಮುರಿನಲ್ಲಿದ್ದ. ಕೈ ಬಿಗಿ, ಬಾಯಿ ಸಡಿಲ. ಸಾರೋಟಿನಲ್ಲಿ ದೊರೆಯನ್ನೂ ಬಟ್ಲರನನ್ನೂ ಅಲ್ಲಿಗೆ ಕರೆದುಕೊಂಡು ಹೋದೆ. ನೇಕಾರ ಒಳ್ಳೊಳ್ಳೆಯ ಸೀರೆ ಬಿಚ್ಚಿ ಹರವಿದ. ದೊರೆ ಒಂದನ್ನು ಆರಿಸಿ, ಇದು ಅರಮನೆಗೆ ಹೋಗುವಾಗ ಹೆಂಗಸರು ಹಿಂದೆ ಬಿಡುವ ಸೆರಗಿಗೆ ಚೆನ್ನಾಗಿರುತ್ತದೆ ಎಂದರು. ಅಲ್ಲಿ ಆ ಸೆರಗು ಮೂರು ಗಜ ನೆಲದ ಮೇಲೆ ಎಳೆದುಕೊಂಡು ಬರುತ್ತದೆಯಂತೆ.

“ನೆಲದ ಮ್ಯಾಲೆ?” ಎಂದ ನೇಕಾರ. “ರೇಷ್ಮೇನ?” ಸೀರೆಯನ್ನು ಮಡಚತೊಡಗಿದ.

ವ್ಯಾಪಾರ ಕೆಡುತ್ತದೆ ಎಂದು ನಾನು ನಡುವೆ ಬಾಯಿ ಹಾಕಿದೆ. ನೆಲ ಅಂದರೆ ನಮ್ಮ ನೆಲ ಅಲ್ಲ, ರತ್ನಗಂಬಳಿ ಹಾಸಿದ ನೆಲ ಎಂದೆ. ನೇಕಾರನಿಗೆ ಸಮಾಧಾನವಾಗಲಿಲ್ಲ. ಹಿಂದೆ ಬರುವವರು ತುಳಿಯುವುದಿಲ್ಲವೇ ಎಂದು ಕೇಳಿದ. ಅದಕ್ಕೆ ಬಟ್ಲರ್ ಹೇಳಿದ: ರಾಜರಿಗೆ ಯಾರೂ ಬೆನ್ನು ತೋರಿಸುವಂತಿಲ್ಲ, ಆ ಹೆಂಗಸರೂ ಸೆರಗು ಸಮೇತ ಹಿಮ್ಮುಖವಾಗಿಯೇ ಹೊರಗೆ ಹೋಗಬೇಕು. ನಮ್ಮ ದೊರೆಯಂತೂ ದೊಡ್ಡ ದಿನಗಳಲ್ಲಿ ರಾಜರ ಮುಂದೆ, ಅವರ ಕಡೆಗೇ ಮುಖ ಮಾಡಿಕೊಂಡು, ಹಜಾರದಿಂದ ಹಜಾರಕ್ಕೆ ಹಿಂದು ಹಿಂದಕ್ಕೆ ನಡೆಯುತ್ತಾ ದಾರಿ ತೋರಿಸುತ್ತಾರೆ. ಮೆಟ್ಟಿಲಿದ್ದರೂ ಹಾಗೆಯೇ.

ನೇಕಾರ ನಕ್ಕ. ಆ ನಗುವಿಗೆ ದುಭಾಷಿ ಬೇಕಾಗಿರಲಿಲ್ಲ. ದೊರೆ ಬೆತ್ತ ಹಿಡಿದು ಎದ್ದರು.

ಹೊರಗೆ ಬೀದಿಯುದ್ದಕ್ಕೂ ಕಂಬದಿಂದ ಕಂಬಕ್ಕೆ ಹಾಸು, ಅಂದರೆ ಮಗ್ಗಕ್ಕೆ ಏರಿಸುವ ರೇಷ್ಮೆಯ ಉದ್ದ ಎಳೆಗಳನ್ನು, ಎಳೆದು ಕಟ್ಟಿದ್ದರು. ಎರಡು ಸಾಲು, ನಡುವೆ ಒಬ್ಬ ಮನುಷ್ಯ ಓರೆಯಾಗಿ ಹೋಗುವಷ್ಟು ಜಾಗ. ಒಂದು ಎಳೆ ಕಡಿದರೆ ದಿನದ ಕೆಲಸ ಹಾಳು. ದೊರೆ ನೇಕಾರನ ಹೆಗಲ ಮೇಲೆ ಶಲ್ಯ ಹೊದಿಸಿ, ನೀನೇ ರಾಜ, ನನ್ನ ಕಡೆ ನಡೆದು ಬಾ ಎಂದು ಸನ್ನೆ ಮಾಡಿದರು. ಅವನು ಮುಂದೆ ಮುಂದೆ, ಇವರು ಹಿಂದೆ ಹಿಂದೆ. ಒಂದು ಸಲವೂ ತಿರುಗಿ ನೋಡಲಿಲ್ಲ. ಕಂಬ ಬಂದಾಗ ಸೊಂಟ ಒಂದಿಷ್ಟು ಓರೆ, ಕಲ್ಲು ಬಂದಾಗ ಹೆಜ್ಜೆ ಒಂದಿಷ್ಟು ಎತ್ತರ, ಕಣ್ಣು ಮಾತ್ರ ನೇಕಾರನ ಮುಖದ ಮೇಲೆ. ಬೀದಿಯ ಹೆಂಗಸರೆಲ್ಲ ಜಗಲಿಗೆ ಬಂದು ಉಸಿರು ಬಿಗಿಹಿಡಿದು ನಿಂತರು. ಬೀದಿಯ ಕೊನೆಯಲ್ಲಿ ದೊರೆ ಹಿಮ್ಮುಖವಾಗಿಯೇ ಒಂದು ಜಗಲಿ ಹತ್ತಿ, ಬಾಗಿ ನಮಸ್ಕರಿಸಿದರು. ಒಂದು ಎಳೆ ಅಲುಗಿರಲಿಲ್ಲ.

ನೇಕಾರ ಸೀರೆ ಕೊಟ್ಟ. ನೆಲಕ್ಕೆ ಬಿದ್ದರೂ ಪರವಾಗಿಲ್ಲ ಎಂದ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದ.

“ಹಾಸಿನ ಮಧ್ಯೆ ಹಿಂಗೆ ಓಡಾಡೋ ಆಳು ನಂಗೆ ಸಿಕ್ಕಿಲ್ಲ ಸಾವ್ಕಾರ್ರೇ. ಅಲ್ಲಿ ಸಂಬಳ ಎಷ್ಟು ಕೊಡ್ತಾರೆ ಕೇಳ್ರಿ. ನಾನು ಎರಡಾಣೆ ಜಾಸ್ತಿ ಹಾಕ್ತೀನಿ.”

ಅಮಲ್ದಾರರ ಬಕ್ಷೀಸು

ಬೇಟೆ ಮಾತ್ರ ಕೈಗೂಡುತ್ತಿರಲಿಲ್ಲ. ಬಿಳಿ ಟೋಪಿ, ಕೋಟು ಕಂಡ ಕೂಡಲೇ ಜಿಂಕೆ ಹಿಂಡು ಕಾವಲಿನ ಆ ತುದಿಗೆ ಹಾರಿಹೋಗುತ್ತಿತ್ತು. ಕುರಿ ಕಾಯುವವರು ಪಕ್ಕದಲ್ಲೇ ನಡೆದರೂ ಅವು ತಲೆ ಎತ್ತುತ್ತಿರಲಿಲ್ಲ. ನಮ್ಮ ಕಡೆಯ ಉಪಾಯ ಎಲ್ಲರಿಗೂ ಗೊತ್ತು: ಕಂಬಳಿಯನ್ನು ತಲೆಯ ಮೇಲಿಂದ ಮೈಮುಚ್ಚುವಂತೆ ಕೊಪ್ಪೆ ಹಾಕಿಕೊಂಡು, ಒಂದು ಸಾಧು ಎತ್ತಿನ ಮರೆಯಲ್ಲಿ ಬಗ್ಗಿ ನಡೆಯುವುದು.

ನನ್ನ ಗಳಿಗೆ ಬಂತು. ಉಗ್ರಾಣದಿಂದ ಎಲ್ಲಕ್ಕಿಂತ ಒಳ್ಳೆಯ ಕಂಬಳಿ ತರಿಸಿ ನನ್ನ ಕೈಯಾರೆ ಕೊಪ್ಪೆ ಮಡಚಿ ದೊರೆಯ ತಲೆಗೆ ಏರಿಸಿದೆ. ಮುಳ್ಳು ತಾಗುವುದಿಲ್ಲ, ಗಾಳಿ ನುಗ್ಗುವುದಿಲ್ಲ, ಮಳೆ ಬಂದರೆ ನೀರು ಜಾರುತ್ತದೆ ಎಂದು ಬಟ್ಲರನ ಕೈಲಿ ಹೇಳಿಸಿದೆ. ದೊರೆ ಬಗ್ಗಿ ಎತ್ತಿನ ಹಿಂದೆ ಹೊರಟರು. ನಾನೂ ಬಟ್ಲರನೂ ದಿಬ್ಬದ ಪೊದೆಯ ಹಿಂದೆ ಕೂತೆವು.

ದೊರೆ ಜಿಂಕೆಗಳಿಗೆ ಇನ್ನೇನು ಹತ್ತಿರವಾಗಿದ್ದರು. ಆಗ ಬಂದರು ನಮ್ಮ ಅಮಲ್ದಾರರು. ಮೈಸೂರಿನಿಂದ ಟಪಾಲು ಬಂದಿತ್ತಂತೆ, ದೊರೆಗೆ ತಾವೇ ಮುಟ್ಟಿಸಬೇಕೆಂದು ಕುದುರೆ ಓಡಿಸಿಕೊಂಡು ಬಂದಿದ್ದರು. ಕಾವಲಿನಲ್ಲಿ ಅವರಿಗೆ ಕಂಡದ್ದು ಒಂದು ಎತ್ತು, ಒಂದು ಕಂಬಳಿ.

“ಲೇ, ದೊರೆಗಳು ಯಾವ ಕಡೆ ಹೋದ್ರೋ?”

ಜಿಂಕೆ ಬೆದರಬಾರದೆಂದು ದೊರೆ ಮಾತಾಡಲಿಲ್ಲ. ಅವರನ್ನು ಸಾಗಹಾಕಲು ಕಂಬಳಿಯೊಳಗಿಂದ ಕೋಲು ಚಾಚಿ ದೂರದ ಗುಡ್ಡ ತೋರಿಸಿದರು. ಅಮಲ್ದಾರರು ಇಳಿದು ಲಗಾಮನ್ನು ಅವರ ಕೈಗೆ ತುರುಕಿ, ಗುಡ್ಡದ ತನಕ ಏದುಸಿರು ಬಿಡುತ್ತಾ ಹೋಗಿ, ಬೆವರು ಸುರಿಸುತ್ತಾ ವಾಪಸು ಬಂದರು. ಕುದುರೆ ಹತ್ತಲು ಹೋದರೆ ಕಾಲು ಜಾರಿತು.

ಆಗ ದೊರೆ ಬಗ್ಗಿದರು. ರಿಕಾಬು ಹಿಡಿದು, ಅಮಲ್ದಾರರ ಪಾದವನ್ನು ಅದರಲ್ಲಿಟ್ಟು, ಮೊಣಕಾಲಿಗೆ ಕೈಕೊಟ್ಟು ಎತ್ತಿ ಕೂರಿಸಿ, ಕೋಟಿನ ಅಂಚನ್ನು ಜೀನಿನ ಮೇಲೆ ನೀಟಾಗಿ ಹರಡಿದರು. ರಾಜರನ್ನು ಕುದುರೆ ಹತ್ತಿಸಿ ರೂಢಿಯಾದ ಕೈ ಅದು. ನಮ್ಮ ತಾಲ್ಲೂಕಿನಲ್ಲಿ ಅಮಲ್ದಾರರಿಗೆ ಅಂಥ ಉಪಚಾರ ಯಾರೂ ಮಾಡಿರಲಿಲ್ಲ. ಅವರ ಮುಖ ಹಿಗ್ಗಿ ಹೋಯಿತು. ಜೇಬಿನಿಂದ ಒಂದು ಕಾಸು ತೆಗೆದು ಎಸೆದರು.

“ಒಳ್ಳೆ ನಡತೆ ಐತಲೇ ನಿಂಗೆ. ನಾಳೆ ಕಚೇರಿಗೆ ಬಾ, ಜವಾನನ ಕೆಲಸ ಕೊಡಿಸ್ತೀನಿ.”

ಬಟ್ಲರ್ ರುಮಾಲಿನ ತುದಿ ಬಾಯಿಗೆ ತುರುಕಿಕೊಂಡು ನೆಲದ ಮೇಲೆ ಹೊರಳುತ್ತಿದ್ದ. ಜಿಂಕೆಗಳು ಓಡಿಹೋಗಿದ್ದವು. ದೊರೆ ಕಾಸನ್ನು ಎತ್ತಿ ಬೆರಳಲ್ಲಿ ತಿಕ್ಕಿ ನೋಡುತ್ತಾ ನಿಂತಿದ್ದರು. ಬೇಟೆ ಸಿಗದಿದ್ದರೇನು, ನಮ್ಮ ಸೀಮೆಯಲ್ಲಿ ಅವರಿಗೆ ಎರಡನೆಯ ನೌಕರಿ ಸಿಕ್ಕಿತ್ತು.

ಎತ್ತಿನ ದರ್ಬಾರು

ಕಂಬಳಿ ದೊರೆಯ ಮನಸ್ಸಿಗೆ ಹಿಡಿಯಿತು. ಮಾರನೆಯ ಬೆಳಿಗ್ಗೆ ಕೋಟು ಪದಕಗಳ ಮೇಲೆ ಕಂಬಳಿಯನ್ನೇ ಹೊದ್ದು ಮೊಟ್ಟೆ ತಿನ್ನಲು ಹೊರಟರು. ಇಂಥ ಕಂಬಳಿ ಐನೂರು ಕೊಂಡರೆ ಬೆಲೆ ಎಷ್ಟು, ಸಾವಿರ ಕೊಂಡರೆ ಎಷ್ಟು ಎಂದು ಬಟ್ಲರನ ಮೂಲಕ ಕೇಳಿದ್ದರು ಬೇರೆ. ನಾನು ಮನಸ್ಸಿನಲ್ಲೇ ಹಡಗಿಗೆ ಮಾಲು ಹೇರಿಸುತ್ತಿದ್ದೆ.

ಹೊಸ ಕಂಬಳಿ ಗಡುಸಾಗಿ ನಿಲ್ಲಲೆಂದು ಹುಣಸೆ ಬೀಜದ ಗಂಜಿ ಹಾಕುತ್ತಾರೆ. ದನಗಳಿಗೆ ಅದು ಪಾಯಸ. ನನಗೆ ಗೊತ್ತಿದ್ದ ಸಂಗತಿಯೇ. ಆದರೆ ಸಾವಿರದ ಲೆಕ್ಕದಲ್ಲಿ ಮುಳುಗಿದ್ದವನಿಗೆ ನೆನಪಾಗಲಿಲ್ಲ.

ದೊರೆ ರೊಪ್ಪದ ಮುಂದೆ ಟೋಪಿ ತೆಗೆಯುವ ಹೊತ್ತಿಗೆ ದೇವರ ಎತ್ತುಗಳು ಮೇವಿಗೆ ಹೊರಟಿದ್ದವು. ಮುಂದಿನದು ಗುಡ್ಡದಂಥ ಬಿಳಿ ಎತ್ತು. ಇದೇ ನಮ್ಮ ಹಟ್ಟಿಗೆ ರಾಜ ಎಂದ ಅಜ್ಜ. ಬಟ್ಲರ್ ಅದನ್ನು ಹಾಗೆಯೇ ದೊರೆಗೆ ಹೇಳಿದ. ದೊರೆ ಬಾಗಿದರು. ಎತ್ತು ಮೂಸಿತು, ಒಂದು ಹೆಜ್ಜೆ ಮುಂದೆ ಬಂದು ಕಂಬಳಿಯ ಅಂಚನ್ನು ನೆಕ್ಕಿತು.

ಬೇರೆ ಯಾರಾದರೂ ಆಗಿದ್ದರೆ ಓಡುತ್ತಿದ್ದರು. ದೊರೆ ರಾಜನಿಗೆ ಬೆನ್ನು ತೋರಿಸುವುದುಂಟೇ? ಬಾಗಿಕೊಂಡೇ ಹಿಂದಕ್ಕೆ ಹೆಜ್ಜೆ ಇಟ್ಟರು. ಎತ್ತು ಮುಂದಕ್ಕೆ ಬಂದು ಇನ್ನೊಂದು ಸಲ ನೆಕ್ಕಿತು. ಇವರು ಹಿಂದೆ, ಅದು ಮುಂದೆ. ಜಾಲಿ ಮುಳ್ಳು ದಾಟಿದರು, ಗಡಿಕಲ್ಲು ದಾಟಿದರು, ಊಟದ ಡೇರೆಯೊಳಗೇ ಹೊಕ್ಕರು. ಹಿಂದೆ ಎತ್ತೂ ಹೊಕ್ಕಿತು. ಮೇಜು ಮಗುಚಿತು, ಹಗ್ಗ ಕಿತ್ತಿತು, ಡೇರೆ ಅರ್ಧ ಕುಸಿಯಿತು, ಬುಟ್ಟಿಗಳು ಉರುಳಿ ಕೋಳಿಗಳೆಲ್ಲ ಹಾರಿದವು. ಧೂಳು ಇಳಿದಾಗ ದೊರೆ ಬಾಗಿದಂತೆಯೇ ನಿಂತಿದ್ದರು, ಎತ್ತು ನೆಕ್ಕುತ್ತಿತ್ತು, ಎತ್ತಿನ ಹೆಗಲ ಡುಬ್ಬದ ಮೇಲೆ ಒಂದು ಹುಂಜ ಕೂತಿತ್ತು.

ಹಟ್ಟಿಯವರು ಓಡಿಬಂದು ಗಡಿಕಲ್ಲಿನ ಹತ್ತಿರ ನಿಂತುಬಿಟ್ಟರು. ದೇವರ ಎತ್ತಿಗೆ ಕೋಳಿ ಮುಟ್ಟಿದೆ. ಅಮಲ್ದಾರರು ಪೇಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದರು. ನನ್ನ ಅಂಗಡಿ, ಕಂಬಳಿ, ಹಡಗು ಎಲ್ಲ ಒಟ್ಟಿಗೆ ಮುಳುಗಿದಂತಾಯಿತು. ಎಲ್ಲರ ಕಣ್ಣೂ ಕಿಲಾರಿ ಅಜ್ಜನ ಮೇಲೆ.

ಅಜ್ಜ ಕಲ್ಲು ನೋಡಿದ, ಎತ್ತು ನೋಡಿದ, ಹುಂಜ ನೋಡಿದ.

“ಕೋಳಿ ಹಟ್ಟಿಯೊಳಕ್ಕೆ ಬರಬಾರ್ದು ಅಂತ ಐತೆ,” ಎಂದ. “ದೇವ್ರು ತಾನೇ ಎದ್ದು ಕೋಳಿ ಮನೆಗೆ ಹೋದ್ರೆ ಕೇಳೋಕೆ ನಾವ್ಯಾರು?”

ಎತ್ತಿಗೆ ಬಾವಿ ನೀರು ಹೊಯ್ದರು, ಅಲ್ಲಿಗೆ ಮುಗಿಯಿತು. ಆದರೆ ದೇವರು ಬಾಯಿ ಹಾಕಿದ ಕಂಬಳಿ ವಾಪಸು ಒಯ್ಯುವಂತಿಲ್ಲ, ಎತ್ತಿಗೇ ಹೊದಿಸಬೇಕು ಎಂದ ಅಜ್ಜ. ದೊರೆಯ ಕಣ್ಣು ಮಿಂಚಿತು. ಉಡುಪು ತೊಡಿಸುವುದು ಅವರ ಕಸುಬು. ಕಂಬಳಿ ಬಿಚ್ಚಿ ನನ್ನ ಕೈಗೆ ಕೊಟ್ಟರು. ನಾನು ಬಟ್ಲರನಿಗೆ, ಬಟ್ಲರ್ ಗಡಿಕಲ್ಲಿನ ಹತ್ತಿರ ಅಮಲ್ದಾರರಿಗೆ, ಅಮಲ್ದಾರರು ತಲೆಬಾಗಿ ದೊರೆಗೆ. ದೊರೆ ಎತ್ತಿನ ಬೆನ್ನಿಗೆ ಹೊದಿಸಿ ಅಂಚು ಸರಿ ಮಾಡಿದರು.

“ಇದನ್ನೂ ಚಳಿಯಾಗೆ ಕಾಯಿಸಿದ್ರಲ್ಲಪ್ಪ,” ಎಂದಳು ಮುದುಕಿ.

ಉಗ್ರಾಣದ ಲೆಕ್ಕ

ಅವತ್ತೇ ನಾನು ಸಾವಿರದ ಮಾತು ಎತ್ತಿದೆ. ದೊರೆ ನಿಜವಾಗಿಯೂ ಮರುಗಿದರು. ಬಟ್ಲರ್ ಅರ್ಥ ಹೇಳಿದ: ಒಬ್ಬ ರಾಜನಿಗೆ ವಿಧಿಪೂರ್ವಕವಾಗಿ ತೊಡಿಸಿದ ಬಗೆಯ ಉಡುಪನ್ನು ಇನ್ನೊಬ್ಬ ರಾಜನಿಗೆ ಎರಡನೆಯದಾಗಿ ಕೊಡುವಂತಿಲ್ಲ. ಮೊದಲು ಯಾರಿಗೆ ಕೊಟ್ಟೆ ಎಂದು ತಮ್ಮ ರಾಜರು ಕೇಳಿದರೆ ಏನು ಹೇಳುವುದು? ಅರಮನೆಯಲ್ಲಿ ಇದಕ್ಕಿಂತ ಸಣ್ಣ ಮಾತಿಗೆ ಮನೆತನಗಳು ಮುಖ ನೋಡುವುದನ್ನು ಬಿಟ್ಟಿವೆ.

ವ್ಯಾಪಾರ ಅಲ್ಲಿಗೆ ಮುರಿಯಿತು.

ದೊರೆ ಹೊರಡುವ ದಿನ ಎಲ್ಲರೂ ಸಾಲಾಗಿ ನಿಂತೆವು. ಅವರ ಗಡಿಯಾರದ ಚಿನ್ನದ ಸರಪಳಿಯಲ್ಲಿ ಹೊಸದೊಂದು ತಾಮ್ರದ ಬಿಲ್ಲೆ ತೂಗುತ್ತಿತ್ತು. ಚಳ್ಳಕೆರೆಯ ಅಕ್ಕಸಾಲಿಗನ ಹತ್ತಿರ ತೂತು ಹಾಕಿಸಿಕೊಂಡದ್ದು. ಅಮಲ್ದಾರರು ಕೈಮುಗಿದು, ಇದು ಯಾವ ರಾಜರು ಕೊಟ್ಟ ಪದಕ ಎಂದು ವಿನಯದಿಂದ ಕೇಳಿದರು.

ದೊರೆಯ ಉತ್ತರವನ್ನು ಬಟ್ಲರ್ ಮುಖ ಗಂಭೀರ ಮಾಡಿಕೊಂಡು ಒಪ್ಪಿಸಿದ: “ಈ ತಾಲ್ಲೂಕಿನ ದೊಡ್ಡ ಅಧಿಕಾರಿಯೊಬ್ಬರು ಕುದುರೆ ಹಿಡಿದದ್ದಕ್ಕೆ ಕೊಟ್ಟರಂತೆ. ಜವಾನನ ಕೆಲಸಕ್ಕೂ ಕರೆದರಂತೆ. ಅರಮನೆ ಬಿಟ್ಟು ಬರೋಕಾಗಲ್ಲ, ಬೇಜಾರು ಮಾಡ್ಕೋಬೇಡಿ ಅಂತ ಅವರಿಗೆ ತಿಳಿಸಬೇಕಂತೆ.”

ಅಮಲ್ದಾರರ ಮುಖದಲ್ಲಿ ರಕ್ತ ಇತ್ತೋ ಇಲ್ಲವೋ ನೋಡುವ ಧೈರ್ಯ ನನಗಾಗಲಿಲ್ಲ.

ಆಮೇಲಿನದೇ ನಿಜವಾದ ಕಥೆ. ಅವತ್ತಿನಿಂದ ದಾರಿಯಲ್ಲಿ ಯಾವ ಕಂಬಳಿ ಕಂಡರೂ ಅಮಲ್ದಾರರು ಕುದುರೆಯಿಂದ ಇಳಿದು ನಮಸ್ಕಾರ ಮಾಡತೊಡಗಿದರು. ಒಳಗೆ ಯಾರಿದ್ದಾರೋ ಯಾರಿಗೆ ಗೊತ್ತು? ದೊಡ್ಡಉಳ್ಳಾರ್ತಿಯ ಹತ್ತಿರ ಒಬ್ಬ ಕುರಿಗಾಹಿ ಹೆದರಿ ಕುರಿ ಬಿಟ್ಟು ಓಡಿದನಂತೆ. ಇನ್ನೊಬ್ಬ, ವರ್ಷಗಟ್ಟಲೆ ಜಮೀನಿನ ತಕರಾರು ಹಿಡಿದು ಅಲೆಯುತ್ತಿದ್ದವನು, ಕೊಪ್ಪೆ ಹಾಕಿಕೊಂಡು ಕಚೇರಿಗೆ ಹೋದ. ಅವನಿಗೆ ಕುರ್ಚಿ ಹಾಕಿಸಿದರು. ಮಧ್ಯಾಹ್ನದೊಳಗೆ ಕೆಲಸ ಆಯಿತು.

ಸುದ್ದಿ ಹಬ್ಬಿತು. ಚೈತ್ರದ ಬಿಸಿಲಲ್ಲಿ ಕಚೇರಿಯ ಮುಂದೆ ಕರಿಕಂಬಳಿಯ ಸಾಲು ನಿಂತಿತು. ಗೌಡರು, ಶಾನುಭೋಗರು, ಬಳ್ಳಾರಿಯ ಶಾಲು ಬಿಟ್ಟು ಬೇರೆ ಹೊದೆಯದವರು, ಎಲ್ಲರೂ ಬೆವರು ಒರೆಸಿಕೊಳ್ಳುತ್ತಾ ಕೊಪ್ಪೆಯೊಳಗೆ. ಕಚೇರಿಗೆ ಹೋಗುವ ದಾರಿ ನನ್ನ ಅಂಗಡಿಯ ಮುಂದೆಯೇ. ಬೆಲೆ ಏರಿಸಿದೆನೇ ಎಂದು ಕೇಳಬೇಡಿ, ನಾನು ವ್ಯಾಪಾರಿ.

ಕೊನೆಯ ಕಂಬಳಿ ಉಳಿದಿದ್ದಾಗ ಅಮಲ್ದಾರರೇ ಬಂದರು. ಡೆಪ್ಟಿ ಕಮಿಷನರರು ತನಿಖೆಗೆ ಬರುತ್ತಿದ್ದಾರಂತೆ.

“ನಂಗೂ ಒಂದು ಕೊಡ್ರಿ ಸಾವ್ಕಾರ್ರೇ,” ಎಂದರು. “ಅವರೂ ಇಳಿದು ನಮಸ್ಕಾರ ಮಾಡ್ತಾರೇನೋ ನೋಡಾನ.”

ಅವರು ಎಣಿಸಿ ಇಟ್ಟದ್ದರಲ್ಲಿ ಒಂದು ಕಾಸು ಕಡಿಮೆ ಇತ್ತು. ಬಿಟ್ಟುಬಿಟ್ಟೆ. ಆ ಕಾಸು ಎಲ್ಲಿ ತೂಗುತ್ತಿದೆ ಎಂದು ಇಬ್ಬರಿಗೂ ಗೊತ್ತಿತ್ತು.

ಒಟ್ಟು ಲೆಕ್ಕ ಇಷ್ಟು: ಒಂದು ಎತ್ತಿಗೆ, ಒಂದು ಅಮಲ್ದಾರರಿಗೆ, ಉಳಿದದ್ದೆಲ್ಲ ಕಚೇರಿಗೆ ಹೋಗುವವರಿಗೆ. ಅರಮನೆಗೆ ಸೊನ್ನೆ. ಹುಳಕ್ಕೂ ಸೊನ್ನೆ.